ಸಾಕಿದ ಮೀನಿನಲ್ಲಿ ಒಮೆಗಾ-3 ಇರುವುದಿಲ್ಲವೇ? ಕೆರೆ, ಹಿಂಡಿ ಮತ್ತು ಶಿಡ್ಲಘಟ್ಟದ ರೇಷ್ಮೆ ಹುಳುವಿನ ಲೆಕ್ಕ

ಮೀನಿನ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಸುತ್ತುತ್ತಲೇ ಇರುತ್ತವೆ. ಒಂದು, ತಿನ್ನುವವರಿಗೆ: ಕೆರೆಯಲ್ಲೋ ತೊಟ್ಟಿಯಲ್ಲೋ ಸಾಕಿದ ಮೀನಿನಲ್ಲಿ ಒಮೆಗಾ-3 ಇರುವುದೇ ಇಲ್ಲ, ತಿಲಾಪಿಯಾ ತಿಂದರೆ ಹೃದಯ ಕೆಡುತ್ತದೆ, ಕಡಲ ಮೀನೊಂದೇ ಒಳ್ಳೆಯದು ಎನ್ನುವಂಥದ್ದು. ಇನ್ನೊಂದು, ಸಾಕುವವರಿಗೆ: ಇಂಥ ಒಮೆಗಾ ಟಾನಿಕ್ ಕೆರೆಗೆ ಸುರಿಯಿರಿ, ಮೀನು ದುಪ್ಪಟ್ಟು ತೂಗುತ್ತದೆ ಎನ್ನುವಂಥದ್ದು. ಮೊದಲನೆಯದು ಊಟದ ತಟ್ಟೆಯಿಂದ ಒಂದು ಒಳ್ಳೆಯ ಆಹಾರವನ್ನು ದೂರ ಮಾಡುತ್ತದೆ. ಎರಡನೆಯದು ಕೆರೆ ಗುತ್ತಿಗೆ ಹಿಡಿದವರ ಜೇಬಿಗೆ ಕತ್ತರಿ ಹಾಕುತ್ತದೆ.

ಎರಡರ ಹಿಂದೆಯೂ ಇರುವುದು ಒಂದೇ ವಿಷಯ: ಅಗತ್ಯ ಕೊಬ್ಬಿನಾಮ್ಲಗಳು. ಇವು ಏನು, ಮೀನಿಗೆ ಯಾಕೆ ಬೇಕು, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಂಥ ಕಡೆ ಸಾಕುವ ಮೀನಿಗೆ ಅವು ಎಲ್ಲಿಂದ ಸಿಗುತ್ತವೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಿದ್ದೇವೆ.

ಓದಲು ಸಮಯವಿಲ್ಲದವರಿಗೆ, ಸಂಕ್ಷಿಪ್ತವಾಗಿ:

• ಸಾಕಿದ ಮೀನಿನಲ್ಲಿ ಒಮೆಗಾ-3 ಇರುತ್ತದೆ. ಎಷ್ಟು ಎಂಬುದು ಅದು ಯಾವ ಜಾತಿ, ಏನು ತಿಂದಿದೆ ಎಂಬುದರ ಮೇಲೆ ನಿಂತಿದೆ.

• ಮೀನಿಗೂ ಒಮೆಗಾ-3 ಮತ್ತು ಒಮೆಗಾ-6 ಬೇಕೇ ಬೇಕು. ಅದು ಅವನ್ನು ಶೂನ್ಯದಿಂದ ತಯಾರಿಸಿಕೊಳ್ಳಲಾರದು.

• ಹಸಿರು ನೀರಿನ ಕೆರೆಯಲ್ಲಿ ಪ್ರಕೃತಿಯೇ ಇದರ ಬಹುಪಾಲನ್ನು ಒದಗಿಸುತ್ತದೆ. ತೊಟ್ಟಿಯಲ್ಲಿ ಸಾಕುವವರು ಆಹಾರದಲ್ಲೇ ಕೊಡಬೇಕು.

• ರೇಷ್ಮೆ ಪ್ಯೂಪಾ ಒಮೆಗಾ-3ರ ಒಳ್ಳೆಯ ಸ್ಥಳೀಯ ಮೂಲ. ಆದರೆ ಕಮಟು ಹಿಡಿದ ಪ್ಯೂಪಾ ಮೀನಿಗೆ ಅಪಾಯ.

"ಅಗತ್ಯ" ಎಂದರೆ ಏನರ್ಥ?

ಇಲ್ಲಿ "ಅಗತ್ಯ" ಎಂಬುದಕ್ಕೆ "ತುಂಬಾ ಮುಖ್ಯವಾದದ್ದು" ಎಂಬ ಅರ್ಥವಿಲ್ಲ. ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಪಡೆಯಬೇಕಾದ ವಸ್ತು ಎಂದರ್ಥ. ಅಂಗಡಿಯಲ್ಲಿ ಸಿಗುವ ಸುಗಂಧದ "ಎಸೆನ್ಶಿಯಲ್ ಆಯಿಲ್"ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಕೊಬ್ಬು ಎಂದರೆ ಬರೀ ಶಕ್ತಿ ಕೊಡುವ ಉರುವಲು ಎಂದೇ ಬಹಳ ಕಾಲ ನಂಬಲಾಗಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ಇದನ್ನು ತಲೆಕೆಳಗು ಮಾಡಿದರು. ಅವರು ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟರು. ಬೇರೆ ಪೋಷಕಾಂಶಗಳು ಇದ್ದರೂ ಇಲಿಗಳ ಬೆಳವಣಿಗೆ ನಿಂತಿತು, ಚರ್ಮ ಪೊರೆಯೆದ್ದಿತು. ಕೆಲವು ಬಗೆಯ ಕೊಬ್ಬನ್ನು ಸ್ವಲ್ಪವೇ ಸೇರಿಸಿದಾಗ ಅವು ಚೇತರಿಸಿಕೊಂಡವು.

ಹಾಗೆ ಗುರುತಾದ ಕುಟುಂಬಗಳು ಎರಡು. ಒಮೆಗಾ-6 ಕುಟುಂಬದ ಹಿರಿಯ ಲಿನೊಲೆಯಿಕ್ ಆಮ್ಲ. ಒಮೆಗಾ-3 ಕುಟುಂಬದ ಹಿರಿಯ ಆಲ್ಫಾ-ಲಿನೊಲೆನಿಕ್ ಆಮ್ಲ. ಇದನ್ನು ಎಎಲ್‌ಎ ಎನ್ನೋಣ. ಮನುಷ್ಯ, ಇಲಿ, ಮೀನು ಸೇರಿದಂತೆ ಬೆನ್ನೆಲುಬಿರುವ ಪ್ರಾಣಿಗಳಿಗೆ ಈ ಎರಡನ್ನೂ ಹೊಸದಾಗಿ ತಯಾರಿಸುವ ಕಿಣ್ವಗಳಿಲ್ಲ. ಗಿಡಗಳಿಗೆ, ಪಾಚಿಗಳಿಗೆ ಇವೆ. ಮೀನೆಣ್ಣೆಯ ಮಾತ್ರೆ ಡಬ್ಬಿಯ ಮೇಲೆ ಕಾಣುವ ಇಪಿಎ ಮತ್ತು ಡಿಎಚ್‌ಎ ಎಂಬ ಹೆಸರುಗಳು ಒಮೆಗಾ-3 ಕುಟುಂಬದ ಉದ್ದ ಸರಪಳಿಯ ಸದಸ್ಯರದು. ಮಿದುಳು, ಕಣ್ಣು, ಹೃದಯಕ್ಕೆ ಬೇಕು ಎಂದು ವೈದ್ಯರು ಹೇಳುವುದು ಮುಖ್ಯವಾಗಿ ಈ ಎರಡರ ಬಗ್ಗೆ.

ಹಾಗಾದರೆ ಮೀನಿಗೆ ಒಮೆಗಾ-3 ಬಂದದ್ದು ಎಲ್ಲಿಂದ?

ಮೀನೇ ಒಮೆಗಾ-3ರ ಕಾರ್ಖಾನೆ ಎಂದು ನಾವು ಅಂದುಕೊಂಡಿರುತ್ತೇವೆ. ನಿಜವಾದ ಕಾರ್ಖಾನೆ ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಪಾಚಿಯನ್ನು ಸೂಕ್ಷ್ಮ ಪ್ರಾಣಿಗಳು ತಿನ್ನುತ್ತವೆ, ಅವನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣದನ್ನು ದೊಡ್ಡದು ನುಂಗುತ್ತದೆ. ಬೂತಾಯಿ, ಬಂಗುಡೆಗಳಲ್ಲಿ ಒಮೆಗಾ-3 ಹೇರಳವಾಗಿರುವುದಕ್ಕೆ ಕಾರಣ ಕಡಲಿನ ಈ ಸರಪಳಿ ಮತ್ತು ಆ ಮೀನುಗಳ ಮೈಯಲ್ಲಿ ಕೊಬ್ಬು ಹೆಚ್ಚಿರುವುದು.

ಸ್ಕಂದಗಿರಿ ಬೆಟ್ಟದ ಮೇಲಿಂದ ಮಂಜು ಸರಿದ ಮೇಲೆ ಕೆಳಗೆ ನೋಡಿದರೆ ಅಲ್ಲೊಂದು ಇಲ್ಲೊಂದು ಕೆರೆ ಹೊಳೆಯುವುದು ಕಾಣುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಮೀನು ಎಂದರೆ ಕೆರೆಯ ಮೀನು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಇತ್ತೀಚೆಗೆ ತಿಲಾಪಿಯಾ. ಕೆರೆಯಲ್ಲೂ ಇದೇ ಸರಪಳಿ ನಡೆಯುತ್ತದೆ. ಕಾಟ್ಲಾ ಮೇಲ್ಭಾಗದ ಸೂಕ್ಷ್ಮ ಪ್ರಾಣಿಗಳನ್ನು ಸೋಸಿ ತಿನ್ನುತ್ತದೆ, ರೋಹು ನಡುನೀರಿನಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೊಳೆತ ಸಸ್ಯಾಂಶವನ್ನು ಕೆದಕುತ್ತದೆ. ಮೂರನ್ನೂ ಒಟ್ಟಿಗೆ ಬಿಡುವ ಮಿಶ್ರ ಮೀನು ಸಾಕಣೆಯ ಗುಟ್ಟೇ ಇದು: ಒಂದೇ ಕೆರೆ, ಮೂರು ಅಂತಸ್ತಿನ ಊಟ.

ಎಲ್ಲ ಮೀನಿಗೂ ಒಂದೇ ಅಳತೆಯಲ್ಲ

ಸಿಹಿನೀರಿನ ಗೆಂಡೆ ಜಾತಿಯ ಮೀನುಗಳಿಗೆ ಒಂದು ಅನುಕೂಲವಿದೆ. ಗಿಡ-ಪಾಚಿಗಳಿಂದ ಬಂದ ಎಎಲ್‌ಎ ಸಿಕ್ಕರೆ ಸಾಕು, ಅದನ್ನು ಉದ್ದ ಮಾಡಿ ತಕ್ಕಮಟ್ಟಿಗೆ ಇಪಿಎ, ಡಿಎಚ್‌ಎ ಮಾಡಿಕೊಳ್ಳುತ್ತವೆ. ಬಹುತೇಕ ಕಡಲ ಮೀನುಗಳಿಗೆ ಈ ಸಾಮರ್ಥ್ಯ ತೀರ ಕಡಿಮೆ. ಕಡಲಲ್ಲಿ ಸಿದ್ಧ ರೂಪದಲ್ಲೇ ಸಿಗುತ್ತಿದ್ದುದರಿಂದ ಅವಕ್ಕೆ ಅದು ಬೇಕಾಗಲೂ ಇಲ್ಲ. ಹಾಗಾಗಿ ಸೀಬಾಸ್‌ನಂಥ ಕಡಲ ಮೀನು ಸಾಕುವವರು ಆಹಾರದಲ್ಲಿ ಮೀನೆಣ್ಣೆಯನ್ನೋ ಅದಕ್ಕೆ ಸಮನಾದದ್ದನ್ನೋ ಕೊಡಲೇಬೇಕು. ಗೆಂಡೆ ಸಾಕುವವರಿಗೆ ಆ ಖರ್ಚಿಲ್ಲ.

ಸಾಮಾನ್ಯ ಗೆಂಡೆಗೆ ಎಷ್ಟು ಬೇಕು ಎಂಬುದನ್ನು ಜಪಾನಿನ ತಾಕೆಉಚಿ ಮತ್ತು ವತನಬೆ 1977ರಲ್ಲಿ ಅಳೆದರು. ಒಣ ಆಹಾರದ ತೂಕದಲ್ಲಿ ಲಿನೊಲೆಯಿಕ್ ಆಮ್ಲ ಶೇ 1, ಎಎಲ್‌ಎ ಶೇ 1. ಅಂದರೆ ಒಂದು ಕಿಲೋ ಆಹಾರದಲ್ಲಿ ತಲಾ 10 ಗ್ರಾಂ. ನಮ್ಮ ಕಾಟ್ಲಾ, ರೋಹುಗಳಿಗೂ ಸಾಮಾನ್ಯವಾಗಿ ಇದನ್ನೇ ಮಾರ್ಗದರ್ಶಿಯಾಗಿ ಹಿಡಿಯುತ್ತಾರೆ. ತಣ್ಣೀರಿನ ಟ್ರೌಟ್ ಮೀನಿಗೆ ಒಮೆಗಾ-3 ಮುಖ್ಯ. ಬಿಸಿ ಸೀಮೆಯ ತಿಲಾಪಿಯಾಗೆ ಒಮೆಗಾ-6 ಹೆಚ್ಚು ಮುಖ್ಯ. ಎಲ್ಲ ಮೀನಿಗೂ ಒಂದೇ ಬಾಟಲಿ ಎನ್ನುವ ಜಾಹೀರಾತನ್ನು ಇದೊಂದೇ ಕಾರಣಕ್ಕೆ ಅನುಮಾನಿಸಬಹುದು.

ಚಳಿಗೂ ಕೊಬ್ಬಿಗೂ ಏನು ನಂಟು?

ಡಿಸೆಂಬರ್ ತಿಂಗಳ ಬೆಳಿಗ್ಗೆ ಅಡುಗೆಮನೆಗೆ ಹೋಗಿ ನೋಡಿ. ತೆಂಗಿನೆಣ್ಣೆ ಗಟ್ಟಿಯಾಗಿರುತ್ತದೆ, ತುಪ್ಪ ಹೆಪ್ಪುಗಟ್ಟಿರುತ್ತದೆ. ಪಕ್ಕದ ಕಡಲೆಕಾಯಿ ಎಣ್ಣೆ ಮಾತ್ರ ಹರಿಯುತ್ತಿರುತ್ತದೆ. ಮೊದಲೆರಡರಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು, ಮೂರನೆಯದರಲ್ಲಿ ಅನ್‌ಸ್ಯಾಚುರೇಟೆಡ್ ಕೊಬ್ಬು ಹೆಚ್ಚು. ಒಮೆಗಾ-3 ಇರುವ ಅಗಸೆ ಎಣ್ಣೆಯಂಥವು ಇನ್ನೂ ಹೆಚ್ಚಿನ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ.

ಮೀನಿನ ಮೈ ಬಿಸಿ ನಮ್ಮಂತೆ ಒಂದೇ ಮಟ್ಟದಲ್ಲಿರುವುದಿಲ್ಲ, ನೀರು ತಣ್ಣಗಾದರೆ ಅದೂ ತಣ್ಣಗಾಗುತ್ತದೆ. ಅದರ ಪ್ರತಿ ಜೀವಕೋಶವನ್ನೂ ಸುತ್ತುವರಿದ ಪೊರೆ ಕೊಬ್ಬಿನದೇ. ಆ ಪೊರೆ ತೆಂಗಿನೆಣ್ಣೆಯಂತೆ ಬಿಗಿದುಕೊಂಡರೆ ಕೋಶದ ಕೆಲಸ ಕೆಡುತ್ತದೆ. ಅದಕ್ಕೇ ನೀರು ತಣ್ಣಗಾದಂತೆ ಗೆಂಡೆ ತನ್ನ ಪೊರೆಗಳಲ್ಲಿ ಅನ್‌ಸ್ಯಾಚುರೇಟೆಡ್ ಕೊಬ್ಬಿನಾಮ್ಲಗಳ ಪಾಲನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಕೆಲಸಕ್ಕೆ ಬೇಕಾದ ಕಚ್ಚಾವಸ್ತು ಆಹಾರದಿಂದಲೇ ಬರಬೇಕು. ಚಳಿಗಾಲದಲ್ಲಿ ಮೀನು ಹೆಚ್ಚು ತಿನ್ನುವುದಿಲ್ಲವಾದ್ದರಿಂದ, ಚಳಿ ಶುರುವಾಗುವ ಮೊದಲಿನ ತಿಂಗಳುಗಳ ಮೇವು ಚೆನ್ನಾಗಿರಬೇಕು.

ಕೊರತೆಯಾದರೆ ಏನಾಗುತ್ತದೆ?

ರಾತ್ರೋರಾತ್ರಿ ಏನೂ ಆಗುವುದಿಲ್ಲ, ಅದೇ ತೊಂದರೆ. ಮೊದಲು ಬೆಳವಣಿಗೆ ನಿಧಾನವಾಗುತ್ತದೆ. ತಿಂದ ಮೇವಿಗೆ ತಕ್ಕ ತೂಕ ಬರುವುದಿಲ್ಲ. ದೀರ್ಘ ಕಾಲ ಮುಂದುವರಿದರೆ ರೆಕ್ಕೆಗಳ ಅಂಚು ಸವೆಯುವುದು, ಯಕೃತ್ತಿನಲ್ಲಿ ಕೊಬ್ಬು ತುಂಬುವುದು, ತಾಯಿ ಮೀನಿನ ಮೊಟ್ಟೆಗಳು ಸರಿಯಾಗಿ ಒಡೆಯದಿರುವುದು ಕಂಡುಬರುತ್ತದೆ. ಟ್ರೌಟ್ ಮೀನಿನಲ್ಲಿ ಒಂದು ವಿಚಿತ್ರ ಲಕ್ಷಣವನ್ನು ದಾಖಲಿಸಿದ್ದಾರೆ: ಬಲೆ ಹಾಕಿದಾಗಲೋ ಗಾಬರಿಯಾದಾಗಲೋ ಮೀನು ಅಡ್ಡಾದಿಡ್ಡಿ ಈಜಿ, ಮೂರ್ಛೆ ಹೋದಂತೆ ನಿಶ್ಚಲವಾಗಿಬಿಡುತ್ತದೆ.

ಆದರೆ ಈ ಲಕ್ಷಣಗಳಲ್ಲಿ ಹೆಚ್ಚಿನವು ಬೇರೆ ಕಾರಣಕ್ಕೂ ಬರುತ್ತವೆ. ಆಮ್ಲಜನಕ ಕಡಿಮೆಯಾದರೆ, ಮರಿ ವಿಪರೀತ ಬಿಟ್ಟಿದ್ದರೆ, ಅಮೋನಿಯ ಏರಿದರೆ, ಸೋಂಕು ತಗುಲಿದರೆ ಕೂಡ ಮೀನು ಬೆಳೆಯುವುದಿಲ್ಲ. ಆದ್ದರಿಂದ ಮೀನು ಬೆಳೆಯಲಿಲ್ಲ ಎಂದ ಕೂಡಲೇ ಒಮೆಗಾ ಬಾಟಲಿಗೆ ಕೈಹಾಕುವುದು ತಪ್ಪು. ಮೊದಲು ನೀರು ನೋಡಬೇಕು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬುದೂ ಸುಳ್ಳು. ಅಗತ್ಯಕ್ಕಿಂತ ಹಲವು ಪಟ್ಟು ಒಮೆಗಾ-3 ಕೊಟ್ಟಾಗ ಬೆಳವಣಿಗೆ ಕುಗ್ಗಿದ್ದು ಪ್ರಯೋಗಗಳಲ್ಲೇ ಕಂಡಿದೆ.

ಹಿಂಡಿ-ತೌಡಿನಲ್ಲಿ ಏನಿದೆ, ಏನಿಲ್ಲ?

ನಮ್ಮ ಕಡೆ ಗೆಂಡೆ ಮೀನಿಗೆ ಕೊಡುವ ಮಾಮೂಲಿ ಮೇವು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು, ಅರ್ಧಕ್ಕರ್ಧ. ಒಂದು ಕಿಲೋ ಮಿಶ್ರಣದ ಅಂದಾಜು ಲೆಕ್ಕ ಹಾಕೋಣ.

ಗಾಣದ ಹಿಂಡಿಯಲ್ಲಿ ಶೇ 7ರಷ್ಟು ಎಣ್ಣೆ ಉಳಿದಿರುತ್ತದೆ ಎಂದುಕೊಂಡರೆ 500 ಗ್ರಾಂ ಹಿಂಡಿಯಲ್ಲಿ 35 ಗ್ರಾಂ ಎಣ್ಣೆ. ಅದರಲ್ಲಿ ಸುಮಾರು 10 ಗ್ರಾಂ ಲಿನೊಲೆಯಿಕ್ ಆಮ್ಲ, ಎಎಲ್‌ಎ ಇಲ್ಲವೆಂದೇ ಹೇಳಬಹುದು. ಎಣ್ಣೆ ತೆಗೆಯದ ತೌಡಿನಲ್ಲಿ ಶೇ 15ರಷ್ಟು ಎಣ್ಣೆ ಇದ್ದರೆ 500 ಗ್ರಾಂಗೆ 75 ಗ್ರಾಂ. ಅದರಲ್ಲಿ ಸುಮಾರು 25 ಗ್ರಾಂ ಲಿನೊಲೆಯಿಕ್ ಆಮ್ಲ, 1 ಗ್ರಾಂ ಆಸುಪಾಸು ಎಎಲ್‌ಎ.

ಒಟ್ಟು: ಒಮೆಗಾ-6 ಸುಮಾರು 35 ಗ್ರಾಂ, ಬೇಕಾದದ್ದು 10. ಒಮೆಗಾ-3 ಸುಮಾರು 1 ಗ್ರಾಂ, ಬೇಕಾದದ್ದು 10. ಒಂದು ಮೂರು ಪಟ್ಟಿಗಿಂತ ಹೆಚ್ಚು, ಇನ್ನೊಂದು ಹತ್ತರಲ್ಲಿ ಒಂದು.

ಈಗ ಅಗ್ಗ ಎಂದು ಎಣ್ಣೆ ತೆಗೆದ ತೌಡು ಮತ್ತು ರಾಸಾಯನಿಕ ವಿಧಾನದಲ್ಲಿ ಎಣ್ಣೆ ಹಿಂಡಿದ ಹಿಂಡಿ ಬಳಸಿದರೆ? ಎರಡರಲ್ಲೂ ಉಳಿಯುವ ಎಣ್ಣೆ ಶೇ 1ರ ಆಸುಪಾಸು. ಆಗ ಒಮೆಗಾ-6 ಕೂಡ ಸಾಲುವುದಿಲ್ಲ. ಚೀಲದ ಮೇಲೆ ಪ್ರೋಟೀನ್ ಎಷ್ಟು ಎಂದು ನೋಡುವವರು ಕೊಬ್ಬು ಎಷ್ಟು ಎಂದೂ ನೋಡಬೇಕು.

ಇಲ್ಲೊಂದು ಸಣ್ಣ ತಪ್ಪು ತಿಳಿವಳಿಕೆಯನ್ನೂ ತೆಗೆದುಬಿಡೋಣ. ಹುಚ್ಚೆಳ್ಳಿನಲ್ಲಿ ಒಮೆಗಾ-3 ತುಂಬಿದೆ ಎಂದು ಕೆಲವರು ಹಂಚುತ್ತಾರೆ. ಹುಚ್ಚೆಳ್ಳೆಣ್ಣೆಯಲ್ಲಿ ಹೆಚ್ಚಿನ ಪಾಲು ಒಮೆಗಾ-6. ಎಎಲ್‌ಎ ಹೇರಳವಾಗಿರುವುದು ಅಗಸೆಯಲ್ಲಿ; ಅದರ ಎಣ್ಣೆಯಲ್ಲಿ ಅರ್ಧದಷ್ಟು ಅದೇ.

ಶಿಡ್ಲಘಟ್ಟದ ಉತ್ತರ: ಹಿಪ್ಪುನೇರಳೆ ಎಲೆಯಿಂದ ಮೀನಿನವರೆಗೆ

ಸ್ಕಂದಗಿರಿಯ ಪೂರ್ವಕ್ಕಿರುವ ಶಿಡ್ಲಘಟ್ಟ ರಾಜ್ಯದ ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಗೂಡಿನಿಂದ ನೂಲು ಬಿಚ್ಚುವ ಘಟಕಗಳು ಊರಿನ ಬೀದಿ ಬೀದಿಯಲ್ಲಿವೆ. ಹಸಿ ಗೂಡಿನ ತೂಕದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಒಳಗಿನ ಪ್ಯೂಪಾದ್ದೇ. ನೂಲು ಹೋದ ಮೇಲೆ ಉಳಿಯುವ ಈ ರಾಶಿ ಒಂದು ದಿನ ಬಿಟ್ಟರೆ ನಾರುತ್ತದೆ ಎಂಬುದು ಆ ಬೀದಿಗಳಲ್ಲಿ ಓಡಾಡಿದವರಿಗೆಲ್ಲ ಗೊತ್ತು.

ಒಣಗಿಸಿದ ಪ್ಯೂಪಾದಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲು ಭಾಗದಷ್ಟು ಎಣ್ಣೆ ಇರುತ್ತದೆ. ಆ ಎಣ್ಣೆಯಲ್ಲಿ ಸುಮಾರು ಮೂರನೇ ಒಂದು ಪಾಲು ಎಎಲ್‌ಎ. ಹುಳುವಿಗೆ ಇದು ಬಂದದ್ದು ಹಿಪ್ಪುನೇರಳೆ ಸೊಪ್ಪಿನಿಂದ. ಹಸಿರೆಲೆಗಳಲ್ಲಿ ಬೆಳಕು ಹಿಡಿಯುವ ಪೊರೆಗಳು ಎಎಲ್‌ಎಯಿಂದಲೇ ಸಮೃದ್ಧ. ಸೊಪ್ಪು ತಿಂದ ಹುಳು ಅದನ್ನು ಮೈಯಲ್ಲಿ ಕೂಡಿಡುತ್ತದೆ.

ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ. ಒಂದು ಕಿಲೋ ಮೇವಿನಲ್ಲಿ 100 ಗ್ರಾಂ ಒಣ ಪ್ಯೂಪಾ ಪುಡಿ ಇದ್ದರೆ 25 ಗ್ರಾಂ ಎಣ್ಣೆ, ಅದರಲ್ಲಿ ಸುಮಾರು 8 ಗ್ರಾಂ ಎಎಲ್‌ಎ. ತೌಡಿನ ಒಂದು ಗ್ರಾಂ ಸೇರಿದರೆ ಬೇಕಾದ 10 ಗ್ರಾಂನ ಹತ್ತಿರಕ್ಕೆ ಬಂದೆವು. ಪ್ರೋಟೀನ್ ಮೇಲುಗಟ್ಟು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಎಂ.ಸಿ. ನಂದೀಶ ಮತ್ತು ಸಂಗಡಿಗರು ಎಣ್ಣೆ ತೆಗೆಯದ ರೇಷ್ಮೆ ಪ್ಯೂಪಾವನ್ನು ಸಾಮಾನ್ಯ ಗೆಂಡೆಯ ಮೇವಿನಲ್ಲಿ ಬಳಸಿ ನೋಡಿದರು. 1990ರಲ್ಲಿ ಪ್ರಕಟವಾದ ಆ ಕೆಲಸ ದುಬಾರಿ ಮೀನಿನ ಪುಡಿಯ ಜಾಗದಲ್ಲಿ ಪ್ಯೂಪಾ ಬಳಸಬಹುದು ಎಂಬುದನ್ನು ತೋರಿಸಿತು.

ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಇದು ಎಣ್ಣೆ ತೆಗೆದದ್ದೋ, ತೆಗೆಯದ್ದೋ? ಎಣ್ಣೆ ತೆಗೆದ ಪ್ಯೂಪಾದಲ್ಲಿ ಪ್ರೋಟೀನ್ ಹೆಚ್ಚು, ಬೇಗ ಕೆಡುವುದೂ ಇಲ್ಲ. ಆದರೆ ಎಣ್ಣೆಯ ಜೊತೆ ಒಮೆಗಾ-3 ಕೂಡ ಹೋಗಿರುತ್ತದೆ.

ಜಪಾನಿನ ಗೆಂಡೆಗಳು ಕಲಿಸಿದ ಪಾಠ

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. ರೇಷ್ಮೆ ಬೆಳೆಯುತ್ತಿದ್ದ ಜಪಾನಿನಲ್ಲೂ ಗೆಂಡೆಗಳಿಗೆ ಪ್ಯೂಪಾ ಹಾಕುತ್ತಿದ್ದರು. ಅಲ್ಲಿನ ಮೀನುಗಳಲ್ಲಿ ಒಂದು ಕಾಯಿಲೆ ಕಾಣಿಸಿಕೊಂಡಿತು. ಬೆನ್ನಿನ ಮಾಂಸ ಕರಗಿ, ಮೀನು ಕತ್ತಿಯ ಅಲಗಿನಂತೆ ತೆಳ್ಳಗಾಗುತ್ತಿತ್ತು. "ಸೆಕೊಕೆ", ಅಂದರೆ ಬೆನ್ನು ಬಡವಾಗುವ ಕಾಯಿಲೆ ಎಂದು ಅದನ್ನು ಕರೆದರು. ಕಾರಣ ಪ್ಯೂಪಾ ಅಲ್ಲ, ಗಾಳಿಗೆ ಕೆಟ್ಟು ಕಮಟು ಹಿಡಿದ ಪ್ಯೂಪಾ ಎಣ್ಣೆ. ವಿಟಮಿನ್ ಇ ಸೇರಿಸಿದರೆ ಇದನ್ನು ತಡೆಯಬಹುದು ಎಂದು ಹಾಶಿಮೊಟೊ ಮತ್ತು ಸಂಗಡಿಗರು 1966ರಲ್ಲಿ ತೋರಿಸಿದರು.

ಒಮೆಗಾ-3ರ ಒಳ್ಳೆಯ ಗುಣ ಮತ್ತು ಕೆಟ್ಟ ಗುಣದ ಮೂಲ ಒಂದೇ. ಯಾವ ರಚನೆ ಅದನ್ನು ಚಳಿಯಲ್ಲೂ ಹರಿಯುವಂತೆ ಇಡುತ್ತದೋ ಅದೇ ರಚನೆ ಆಮ್ಲಜನಕಕ್ಕೆ ಸುಲಭವಾಗಿ ತುತ್ತಾಗುತ್ತದೆ. ಅಗಸೆ ಎಣ್ಣೆಯೂ, ಮೀನೆಣ್ಣೆಯೂ, ಪ್ಯೂಪಾ ಎಣ್ಣೆಯೂ ಬೇಗ ಕಮಟುವುದು ಇದಕ್ಕೇ. ಆದ್ದರಿಂದ:

• ನೂಲು ಬಿಚ್ಚಿದ ದಿನವೇ ಬಂದ ಪ್ಯೂಪಾ ತೆಗೆದುಕೊಳ್ಳಿ, ತೆಳ್ಳಗೆ ಹರಡಿ ಬೇಗ ಒಣಗಿಸಿ.

• ಪುಡಿ ಮಾಡಿ ತಿಂಗಳುಗಟ್ಟಲೆ ಇಡಬೇಡಿ. ಪುಡಿಗೆ ಗಾಳಿ ತಾಗುವುದು ಹೆಚ್ಚು, ಕೆಡುವುದೂ ಬೇಗ.

• ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ, ತೇವ ತಾಗದಂತೆ ಇಡಿ. ಸ್ವಲ್ಪ ಸ್ವಲ್ಪವೇ ಕೊಳ್ಳಿ.

• ಹಳೆಯ ಎಣ್ಣೆಯಂತೆ ಮೂಗಿಗೆ ಹೊಡೆಯುವ ಕಮಟು ವಾಸನೆ ಬಂದರೆ ಮೀನಿಗೆ ಹಾಕಬೇಡಿ. "ಮೀನು ತಾನೇ, ತಿನ್ನುತ್ತದೆ ಬಿಡು" ಎನ್ನುವುದೇ ನಷ್ಟದ ದಾರಿ.

ಬೂಸು ಹಿಡಿದ ಕಡಲೆಕಾಯಿ ಹಿಂಡಿಗೂ ಇದೇ ಮಾತು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಾಧ್ಯತೆ ಇದೆ.

ಹಾಗಾದರೆ ಯಾರಿಗೆ ಇದು ಬೇಕು, ಯಾರಿಗೆ ಬೇಡ?

ಕೆರೆಯಲ್ಲಿ ಮಿತವಾಗಿ ಮರಿ ಬಿಟ್ಟು, ನೀರು ತಿಳಿ ಹಸಿರಾಗಿದ್ದರೆ, ಮೀನಿನ ಊಟದಲ್ಲಿ ದೊಡ್ಡ ಪಾಲು ಪ್ಲವಕಗಳದೇ. ಒಮೆಗಾ-3 ಅಲ್ಲಿಂದಲೇ ಬರುತ್ತದೆ. ಹಿಂಡಿ-ತೌಡು ಅಲ್ಲಿ ಮೇಲುಪಚಾರ. ಇಂಥ ಕೆರೆಗೆ ಒಮೆಗಾ ಟಾನಿಕ್ ಸುರಿಯುವುದು ಎಂದರೆ ಎಣ್ಣೆಯನ್ನು ನೀರಿಗೆ ಚೆಲ್ಲಿದಂತೆ, ಅಕ್ಷರಶಃ. ಎಣ್ಣೆ ಮೇಲೆ ತೇಲುತ್ತದೆ, ಮೀನಿನ ಹೊಟ್ಟೆಗೆ ಹೋಗುವುದಿಲ್ಲ. ಕೊಡಬೇಕೆಂದೇ ಇದ್ದರೆ ಮೇವಿನೊಳಗೆ ಬೆರೆಸಿ ಕೊಡಬೇಕು.

ಲೆಕ್ಕ ಬದಲಾಗುವುದು ಮೀನು ದಟ್ಟವಾಗಿರುವ ಕಡೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಬಂದ ಮೇಲೆ ಬಯೋಫ್ಲಾಕ್ ತೊಟ್ಟಿಗಳ ಮಾತು ಹಳ್ಳಿಹಳ್ಳಿಗೂ ತಲುಪಿದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಲ್ಲೂ ಮೀನು ಬಿಡುವವರಿದ್ದಾರೆ. ಹೊಂಡದಲ್ಲಿ ಮಣ್ಣಿನ ತಳವಿಲ್ಲ, ತೊಟ್ಟಿಯಲ್ಲಿ ಹಸಿರು ಪಾಚಿಗೆ ಬದಲು ಬ್ಯಾಕ್ಟೀರಿಯಾದ ಉಂಡೆಗಳೇ ಹೆಚ್ಚು. ಸಾವಿರಾರು ಮೀನುಗಳಿಗೆ ಪ್ರಕೃತಿಯ ಊಟ ಸಾಲುವುದಿಲ್ಲ. ಇಲ್ಲಿ ಬರೀ ಹಿಂಡಿ-ತೌಡು ಹಾಕಿದರೆ ಮೇಲೆ ಹೇಳಿದ ಕೊರತೆ ನಿಜವಾಗುತ್ತದೆ. ಕಂಪನಿ ಮೇವು ಹಾಕುವವರು ಅದು ತಮ್ಮ ಜಾತಿಯ ಮೀನಿಗೇ ಮಾಡಿದ್ದೇ, ತಯಾರಿಕೆಯ ದಿನಾಂಕ ಯಾವುದು ಎಂದು ನೋಡಿಕೊಳ್ಳಬೇಕು. ಇಂಥ ಸಾಕಣೆಯಲ್ಲಿ ಖರ್ಚಿನ ಅರ್ಧಕ್ಕೂ ಹೆಚ್ಚು ಮೇವಿಗೇ ಹೋಗುವುದರಿಂದ ಈ ಎಚ್ಚರಿಕೆಗೆ ಬೆಲೆ ಇದೆ.

ಸಲಹೆ ಬೇಕಾದವರಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿ ಇದೆ. ಸಿಹಿನೀರು ಮೀನು ಸಾಕಣೆಯ ಕೇಂದ್ರ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಸರಘಟ್ಟದಲ್ಲಿದೆ. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ತಿಲಾಪಿಯಾ ಹಂದಿ ಮಾಂಸಕ್ಕಿಂತ ಕೆಟ್ಟದ್ದು ಎಂಬ ಸಂದೇಶ ಎಲ್ಲಿಂದ ಬಂತು?

ಇದಕ್ಕೊಂದು ಹುಟ್ಟೂರಿದೆ. 2008ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಹೆಚ್ಚು ಮಾರಾಟವಾಗುವ ಮೀನುಗಳ ಕೊಬ್ಬಿನಾಮ್ಲಗಳನ್ನು ಅಳೆದರು. ಸಾಕಿದ ತಿಲಾಪಿಯಾದಲ್ಲಿ ಒಮೆಗಾ-3ಕ್ಕೆ ಹೋಲಿಸಿದರೆ ಒಮೆಗಾ-6 ಹೆಚ್ಚು ಎಂದು ಕಂಡಿತು. ಅಳತೆ ಸರಿ. ಕಾಳು, ಸೋಯಾ ಮೇವು ತಿಂದ ಮೀನಿನಲ್ಲಿ ಇನ್ನೇನು ಬರುತ್ತದೆ? ಆದರೆ ಅದರ ಜೊತೆ ಬಂದ ಬೇಕನ್ ಮತ್ತು ಹ್ಯಾಂಬರ್ಗರ್ ಹೋಲಿಕೆ ಸುದ್ದಿಯಾಯಿತು. ಮೀನು ತಿನ್ನುವುದಕ್ಕಿಂತ ಬೇಕನ್ ತಿನ್ನುವುದೇ ಮೇಲು ಎಂದು ಜನ ಅರ್ಥಮಾಡಿಕೊಂಡರು. ಹಲವು ದೇಶಗಳ ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಈ ಹೋಲಿಕೆಯನ್ನು ತಳ್ಳಿಹಾಕಿದರು.

ಕಾರಣ ಸರಳ. 100 ಗ್ರಾಂ ಹಸಿ ತಿಲಾಪಿಯಾದಲ್ಲಿ ಒಟ್ಟು ಕೊಬ್ಬೇ 2 ಗ್ರಾಂಗಿಂತ ಕಡಿಮೆ. ಅಷ್ಟೇ ಹಸಿ ಬೇಕನ್‌ನಲ್ಲಿ ಅದು ಹತ್ತಾರು ಗ್ರಾಂ, ಅದೂ ಸ್ಯಾಚುರೇಟೆಡ್ ಕೊಬ್ಬಿನ ದೊಡ್ಡ ಪಾಲಿನೊಂದಿಗೆ, ಉಪ್ಪಿನೊಂದಿಗೆ. ಬರೀ ಅನುಪಾತ ಹೇಳಿ ಪ್ರಮಾಣ ಮುಚ್ಚಿಟ್ಟರೆ ಯಾವ ಆಹಾರವನ್ನಾದರೂ ಕೆಟ್ಟದ್ದಾಗಿ ತೋರಿಸಬಹುದು. ತಿಲಾಪಿಯಾ ಒಮೆಗಾ-3ಕ್ಕೆ ಉತ್ತಮ ಮೂಲವಲ್ಲ, ಆದರೆ ಪ್ರೋಟೀನಿಗೆ ಒಳ್ಳೆಯ, ಕಡಿಮೆ ಕೊಬ್ಬಿನ ಮೀನು. ಎರಡೂ ಒಟ್ಟಿಗೆ ನಿಜ.

ಮೇವು ಬದಲಾದರೆ ಮೀನಿನ ಕೊಬ್ಬು ಬದಲಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ ಸ್ಕಾಟ್ಲೆಂಡಿನ ಸಾಲ್ಮನ್. ಮೀನೆಣ್ಣೆ ಸಾಲದೆ ಅಲ್ಲಿನ ಸಾಕಣೆದಾರರು ಗಿಡದೆಣ್ಣೆಯತ್ತ ತಿರುಗಿದರು. 2006 ಮತ್ತು 2015ರ ನಡುವೆ ಆ ಮೀನಿನ ಇಪಿಎ, ಡಿಎಚ್‌ಎ ಸುಮಾರು ಅರ್ಧಕ್ಕೆ ಇಳಿದಿದ್ದನ್ನು 2016ರ ಅಧ್ಯಯನವೊಂದು ತೋರಿಸಿತು. ಇಳಿದ ಮೇಲೂ ಅದು ಒಮೆಗಾ-3 ಚೆನ್ನಾಗಿರುವ ಮೀನುಗಳ ಸಾಲಿನಲ್ಲೇ ಇತ್ತು.

ತಿನ್ನುವವರು ಏನು ಮಾಡಬೇಕು?

ವಯಸ್ಕರಿಗೆ ದಿನಕ್ಕೆ ಕನಿಷ್ಠ 250 ಮಿಲಿಗ್ರಾಂ ಇಪಿಎ ಮತ್ತು ಡಿಎಚ್‌ಎ ಬೇಕು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ತಜ್ಞರ ಶಿಫಾರಸು. ಸಸ್ಯಮೂಲದ ಎಎಲ್‌ಎಯನ್ನು ನಮ್ಮ ದೇಹ ಇವಾಗಿ ಬದಲಿಸಿಕೊಳ್ಳುವುದು ಬಹಳ ಕಡಿಮೆ. ಆ ವಿಷಯದಲ್ಲಿ ಗೆಂಡೆ ಮೀನು ನಮಗಿಂತ ಮುಂದಿದೆ.

ಒಮೆಗಾ-3ಕ್ಕಾಗಿಯೇ ಮೀನು ತಿನ್ನುವುದಾದರೆ ಬೂತಾಯಿ, ಬಂಗುಡೆಗೆ ಸಾಟಿಯಿಲ್ಲ. ಕಾಟ್ಲಾ, ರೋಹುಗಳಲ್ಲಿ ಕೊಬ್ಬೇ ಕಡಿಮೆ ಇರುವುದರಿಂದ ಒಮೆಗಾ-3 ಕೂಡ ಅದಕ್ಕಿಂತ ಹಲವು ಪಟ್ಟು ಕಡಿಮೆ. ಹಾಗೆಂದು ಅವನ್ನು ಬಿಡಬೇಕಿಲ್ಲ. ಕಡಲಿನಿಂದ ದೂರದ ಬಯಲುಸೀಮೆಯಲ್ಲಿ, ಬೆಳಿಗ್ಗೆ ಕೆರೆಯಿಂದ ಎತ್ತಿದ ಮೀನು ಮಧ್ಯಾಹ್ನ ಮುದ್ದೆಯ ಜೊತೆ ಸಾರಾಗುವುದು ಸಣ್ಣ ಭಾಗ್ಯವಲ್ಲ. ಪ್ರೋಟೀನ್ ಅಂತೂ ಪೂರ್ತಿ ಸಿಗುತ್ತದೆ, ಒಮೆಗಾ-3 ಸ್ವಲ್ಪವಾದರೂ ಸಿಗುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿಗೆ ಕರಿಯುವ ಎಣ್ಣೆಯ ಒಮೆಗಾ-6 ಸೇರುತ್ತದೆ. ಸಾರು ಮಾಡಿದರೆ ಕರಗಿದ ಕೊಬ್ಬು ಸಾರಿನಲ್ಲೇ ಉಳಿದು ನಮ್ಮ ಹೊಟ್ಟೆಗೇ ಬರುತ್ತದೆ.

ಒಂದು ವಿಷಯ ಬೇರೆಯಾಗಿಯೇ ಇಡಬೇಕು. ಜಿಲ್ಲೆಯ ಹಲವು ಕೆರೆಗಳಿಗೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ಬರುತ್ತದೆ. ಆ ನೀರಿನ ಗುಣಮಟ್ಟದ ಬಗ್ಗೆ ಜನ ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದದ್ದು ನೀರು ಮತ್ತು ಮೀನಿನ ಪ್ರಯೋಗಾಲಯ ಪರೀಕ್ಷೆ. ಒಮೆಗಾ-3 ಇದೆ ಎಂಬುದು ಮೀನು ಶುದ್ಧ ಎಂಬುದಕ್ಕೆ ಪುರಾವೆಯಲ್ಲ, ಒಮೆಗಾ-3 ಕಡಿಮೆ ಎಂಬುದು ಮೀನು ವಿಷ ಎಂಬುದಕ್ಕೂ ಪುರಾವೆಯಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಮೀನಿನ ಕೊಬ್ಬಿನ ಬಗ್ಗೆ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಮೀನು? ಅದು ಏನು ತಿಂದು ಬೆಳೆದದ್ದು? ಸಂದೇಶ ಹೇಳುತ್ತಿರುವುದು ಅನುಪಾತವನ್ನೋ, ಗ್ರಾಂ ಲೆಕ್ಕವನ್ನೋ? ಮೂರಕ್ಕೂ ಉತ್ತರವಿಲ್ಲದ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.

ಟಾನಿಕ್ ಮಾರುವ ಸಂದೇಶವಾದರೆ ನಾಲ್ಕನೆಯದನ್ನೂ ಕೇಳಿ: ಇದರಲ್ಲಿ ಎಎಲ್‌ಎ ಎಷ್ಟು ಗ್ರಾಂ ಇದೆ, ಅಷ್ಟನ್ನೇ ನಾಲ್ಕು ಹಿಡಿ ಒಳ್ಳೆಯ ಪ್ಯೂಪಾ ಕೊಡುವುದಿಲ್ಲವೇ? ಶಿಡ್ಲಘಟ್ಟದ ಸುತ್ತಮುತ್ತಲಿನವರಿಗಂತೂ ಈ ಪ್ರಶ್ನೆಯ ಉತ್ತರ ಮನೆಯ ಹತ್ತಿರವೇ ಸಿಗುತ್ತದೆ. ತಾಜಾ ಇರಬೇಕು, ಅಷ್ಟೇ.